ಇಪ್ಪತ್ತು ಅಡಿ ದೂರದ ಚೆಲುವೆ

ಅರವತ್ತು ದಾಟಿದ ಹೆಂಗಸು ಕನ್ನಡಿ ನೋಡುವುದು ಎರಡೇ ಕಾರಣಕ್ಕೆ: ಕಣ್ಣಿಗೆ ಕಸ ಬಿದ್ದಾಗ, ಹಲ್ಲಿನ ಸಂದಿಗೆ ಸೊಪ್ಪು ಸಿಕ್ಕಿದಾಗ. ನಾನೂ ಅಷ್ಟರಲ್ಲೇ ಸುಖವಾಗಿದ್ದೆ. ಸಮವಸ್ತ್ರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅಂಗಿಗಳಿಗೆ ಕಾಜಾ ಹೊಲಿದವಳು ನಾನು. ನನ್ನ ಮುಖ ಹೇಗಿದೆ ಎಂದು ಅಂಗಿಗಳು ಒಂದು ದಿನವೂ ತಕರಾರು ಮಾಡಲಿಲ್ಲ. ಅರವತ್ಮೂರನೆಯ ವಯಸ್ಸಿನಲ್ಲಿ ಈ ಮುಖಕ್ಕೆ ಒಬ್ಬ ಸಲಹೆಗಾರ ಬೇಕು ಅನ್ನಿಸಿತಲ್ಲ, ಅದಕ್ಕೆ ಕಾರಣ ಮುಖವಲ್ಲ, ನಾದಿನಿ.

ಮೊದಲು ಗುಬ್ಬಿಯ ವಿಷಯ ಹೇಳಬೇಕು. ಗುಬ್ಬಿ ನನ್ನ ಮೈದುನನ ಮಗಳು. ತಾಯಿ ಇಲ್ಲದ ಕೂಸು. ಅಪ್ಪ ಹಡಗಿನಲ್ಲಿ ಅಡುಗೆ ಮಾಡುವವನು, ವರ್ಷಕ್ಕೊಮ್ಮೆ ದಡ ಕಾಣುತ್ತಾನೆ. ಹೀಗಾಗಿ ಹುಡುಗಿ ವಾರಕ್ಕೆ ಮೂರು ದಿನ ನನ್ನ ಮನೆಯಲ್ಲಿ, ಮೂರು ದಿನ ನಾದಿನಿಯ ಮನೆಯಲ್ಲಿ, ಏಳನೆಯ ದಿನ ಎಲ್ಲಿ ತಿಂಡಿ ಚೆನ್ನಾಗಿದೆಯೋ ಅಲ್ಲಿ ಬೆಳೆದಳು. ಒಂದು ಭಾನುವಾರ ಬಂದು ಅಡುಗೆಮನೆಯ ಕಟ್ಟೆ ಹತ್ತಿ ಕೂತಳು.

"ದೊಡ್ಡಮ್ಮ, ಹದಿನೆಂಟನೇ ತಾರೀಕು ನನ್ನ ಮದುವೆ. ನೋಂದಣಿ ಕಚೇರಿ, ಹನ್ನೊಂದು ಗಂಟೆ. ಎರಡು ಸಾಕ್ಷಿ ಬೇಕು. ಒಂದು ನೀನು, ಇನ್ನೊಂದು ಅತ್ತೆ."

"ಊರಲ್ಲಿ ಬೇರೆ ಯಾರಿಗೂ ಸಹಿ ಹಾಕೋಕೆ ಬರಲ್ವಾ?"

"ಸಾಕಿದವರು ಇಬ್ಬರು, ಸಾಕ್ಷಿನೂ ಇಬ್ಬರೇ. ನಿಮ್ಮಿಬ್ಬರ ಸಹಿ ಒಂದೇ ಹಾಳೆ ಮೇಲೆ ಬೀಳದೆ ಇದ್ರೆ ನಾನು ಮದುವೆನೇ ಆಗಲ್ಲ. ಅವನಿಗೂ ಹೇಳಿದೀನಿ."

ಅವನು ಎಂದರೆ ಲಿಫ್ಟ್ ರಿಪೇರಿ ಮಾಡುವ ಹುಡುಗ. ಬಹಳ ಒಳ್ಳೆಯವನು.

"ಅವನೇನಂದ?"

"ಲಿಫ್ಟಿಗೂ ಎರಡು ಹಗ್ಗ ಇದ್ರೇನೇ ಧೈರ್ಯ ಅಂದ."

ಈಗ ನಾನೂ ನಾದಿನಿಯೂ ಮುಖ ನೋಡದೆ ಹನ್ನೊಂದು ವರ್ಷವಾಗಿತ್ತು. ಕಾರಣ ದೊಡ್ಡದೇನಲ್ಲ. ಗುಬ್ಬಿಯ ಶಾಲೆಯ ವಾರ್ಷಿಕೋತ್ಸವಕ್ಕೆ ಅವಳು ತುಟಿಗೆ ಕೆಂಪು ಹಚ್ಚಿಕೊಂಡು ಬಂದಿದ್ದಳು. ನಾನು ಕೆಟ್ಟ ಮನಸ್ಸಿನಿಂದೇನೂ ಅಲ್ಲ, ಸುಮ್ಮನೆ ಬಾಯಿಗೆ ಬಂತೆಂದು, "ಏನೇ, ಬಾಯಿ ಅಂಚೆ ಡಬ್ಬಿ ಆಗಿದೆ, ಕಾಗದ ಹಾಕ್ಲಾ?" ಎಂದೆ. ನಾದಿನಿ ಬಸ್ ನಿಲ್ದಾಣದಲ್ಲಿ ಮೈಕ್ ಹಿಡಿದು ಬಸ್ಸುಗಳ ವೇಳೆ ಹೇಳುವ ಕೆಲಸದಲ್ಲಿದ್ದವಳು. ಅವಳಿಗೆ ಗುಟ್ಟಾಗಿ ಮಾತಾಡುವ ಅಭ್ಯಾಸವೇ ಇಲ್ಲ. "ಅಂಚೆ ಡಬ್ಬಿ ಹತ್ರ ನಾಲ್ಕು ಜನ ಬರ್ತಾರೆ ಅತ್ತಿಗೆ. ನಿಮ್ಮ ಮುಖ ಬಾಗಿಲು ಹಾಕಿದ ಅಂಗಡಿ, ಬೀಗಕ್ಕೂ ತುಕ್ಕು ಹಿಡಿದಿದೆ" ಎಂದಳು. ಕೊನೆಯ ಸಾಲಿನಲ್ಲಿ ಕೂತ ಶಾಲೆಯ ಕಾವಲುಗಾರನೂ ನಕ್ಕ. ಅಂದಿನಿಂದ ನಮ್ಮ ನಡುವಿನ ಸುದ್ದಿಯೆಲ್ಲ ನಮ್ಮ ಯಜಮಾನರ ಮೂಲಕ ಹೋಗಿಬರುತ್ತಿತ್ತು. ಅವರು ಅವಳ ಅಣ್ಣ ತಾನೇ.

ಗುಬ್ಬಿಗಾಗಿ ಸಹಿ ಹಾಕಲು ನಾನು ಒಪ್ಪಿದೆ. ಅವಳೂ ಒಪ್ಪಿದಳಂತೆ. ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಎದುರು ಮನೆಯ ಟೀಚರ್ ಇದ್ದಾರಲ್ಲ, ಅವರ ಶಾಲೆ ಇರುವುದು ನಾದಿನಿಯ ಬೀದಿಯಲ್ಲಿ. ಸಂಜೆ ಗೇಟಿಗೆ ಒರಗಿ ಹೇಳಿದರು: "ನಿಮ್ಮ ನಾದಿನಿ ಮದುವೆಗೆ ಅಂತ ಮೇಕಪ್ ಸಲಹೆಗಾರರನ್ನೇ ಗೊತ್ತು ಮಾಡ್ಕೊಂಡಿದ್ದಾರಂತೆ ಕಣ್ರೀ."

ಮೇಕಪ್ ಎಂಬ ಮಾತು ನನಗೆ ನಾಟಲಿಲ್ಲ. ಸಲಹೆಗಾರ ಎಂಬುದು ನಾಟಿತು. ಸಲಹೆಗಾರರು ಇರುವುದು ಮಂತ್ರಿಗಳಿಗೆ. ಈಗ ನಾದಿನಿಯ ಕೆನ್ನೆಗೂ ಒಬ್ಬರು! ಬಾಗಿಲು ಹಾಕಿದ ಅಂಗಡಿ ಅವಳ ಪಕ್ಕದಲ್ಲಿ ನಿಂತು ಸಹಿ ಹಾಕಬೇಕೇ? ಆಗದ ಮಾತು.

ಮರುದಿನವೇ ಪೇಟೆಯ ದೊಡ್ಡ ಅಂಗಡಿಗೆ ಹೋದೆ. ಸೌಂದರ್ಯ ವಿಭಾಗದ ಹುಡುಗಿಯ ಕಣ್ಣುರೆಪ್ಪೆ ಎಷ್ಟು ಉದ್ದವಿತ್ತೆಂದರೆ, ಅವಳು ಕಣ್ಣು ಮಿಟುಕಿಸಿದಾಗ ನನ್ನ ಕಡೆ ಗಾಳಿ ಬೀಸಿತು.

"ಯಾರಿಗೆ ಆಂಟಿ? ಮಗಳಿಗಾ?"

"ನನಗೇ ಕಣಮ್ಮ."

"ಓ..." ಎಂದಳು. ಆ ಅಕ್ಷರವನ್ನು ಅಷ್ಟು ಉದ್ದ ಎಳೆಯಬಹುದೆಂದು ನನಗೆ ಗೊತ್ತಿರಲಿಲ್ಲ. "ಏನು ಸಮಸ್ಯೆ ಆಂಟಿ?"

"ಸಮಸ್ಯೆ ಏನೂ ಇಲ್ಲ. ಮದುವೆ ಇದೆ."

"ನಿಮ್ಮದಾ?" ಎಂದು ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

ಸಮಾಧಾನವಾಗಿ ವಿವರಿಸಿದೆ. ಮೂರು ಡಬ್ಬಿ ತಂದು ಸಾಲಾಗಿ ಇಟ್ಟಳು. "ಇದು ಮೂವತ್ತು ದಾಟಿದವರಿಗೆ, ಇದು ನಲವತ್ತು, ಇದು ಐವತ್ತು."

"ಅರವತ್ತು ದಾಟಿದವರಿಗೆ?"

ಅವಳು ಬಗ್ಗಿ ಕೆಳಗಿನ ಖಾನೆ ಹುಡುಕಿದಳು, ಒಳಗಿನ ಖಾನೆ ಹುಡುಕಿದಳು, ಎದ್ದು ಬಹಳ ವಿನಯದಿಂದ ಹೇಳಿದಳು: "ಅದರ ಮೇಲೆ ನಮ್ಮಲ್ಲಿ ಸುವಾಸನೆ ಮೇಣದಬತ್ತಿ ಇದೆ ಆಂಟಿ."

ಎರಡನೆಯವಳು ಮನೆಗೇ ಬರುವ ತಜ್ಞೆ. ಇಪ್ಪತ್ತನಾಲ್ಕು ವರ್ಷ, ಕೈಯಲ್ಲಿ ಚಕ್ರವಿರುವ ಪೆಟ್ಟಿಗೆ. ನನ್ನನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಹಳೆಯ ಮನೆ ಕೊಳ್ಳಲು ಬಂದವರ ಹಾಗೆ ಸುತ್ತು ಹಾಕಿದಳು.

"ಹಣೆ ಮೇಲಿನ ಗೆರೆ ಮುಚ್ಚೋಣ. ಕಣ್ಣಿನ ಕೆಳಗಿನ ಚೀಲ ಮುಚ್ಚೋಣ. ಮೂಗಿನ ಪಕ್ಕದ್ದು ಎರಡೂ ಮುಚ್ಚೋಣ. ಗಲ್ಲದ ಮಚ್ಚೆ ಮುಚ್ಚೋಣ. ಕುತ್ತಿಗೆ... ಕುತ್ತಿಗೆನ ಪೂರ್ತಿ ಮುಚ್ಚಿಬಿಡೋಣ."

"ಕಿವಿ ಏನಮ್ಮಾ ಮಾಡೋದು?"

"ಅದರ ಮೇಲೆ ಕೂದಲು ಬಿಡೋಣ ಆಂಟಿ."

ಪತ್ರಿಕೆಯ ಹಿಂದಿನಿಂದ ನಮ್ಮ ಯಜಮಾನರು ಕೆಮ್ಮಿದರು. "ಇಷ್ಟೆಲ್ಲ ಮುಚ್ಚೋದಾದ್ರೆ ಒಂದು ದುಪ್ಪಟಿ ಸಾಕಲ್ಲಮ್ಮ. ಒಳಗಿದೆ, ತರ್ಲಾ?"

ತಜ್ಞೆ ಪೆಟ್ಟಿಗೆ ಉರುಳಿಸಿಕೊಂಡು ಹೊರಟುಹೋದಳು. ನಾನು ಯಜಮಾನರ ಮೇಲೆ ಹರಿಹಾಯ್ದೆ. ಅವರು ಭೂಮಾಪನ ಇಲಾಖೆಯಲ್ಲಿ ಮೂವತ್ತೈದು ವರ್ಷ ಹೊಲಗದ್ದೆ ಅಳೆದವರು. ಕೋಪವನ್ನೂ ಎಷ್ಟು ಉದ್ದವಿದೆ ಎಂದು ನೋಡುತ್ತ ಕೂರುತ್ತಾರೆ. ಉಪ್ಪು ಎಲ್ಲಿದೆ ಎಂದರೆ "ಒಲೆಯಿಂದ ಈಶಾನ್ಯಕ್ಕೆ ಎರಡು ಅಡಿ" ಎನ್ನುವ ಪೈಕಿ. ನನ್ನದು ಮುಗಿದ ಮೇಲೆ ಹೇಳಿದರು: "ನಮ್ಮ ಬಣ್ಣದ ಮಾಸ್ತರನ್ನ ಕೇಳಬಾರದಾ?"

ಬಣ್ಣದ ಮಾಸ್ತರು ಯಜಮಾನರ ಚಹಾದ ಗೆಳೆಯರು. ನಲವತ್ತು ವರ್ಷ ನಾಟಕ ಮಂದಿರದಲ್ಲಿ ನಟರ ಮುಖಕ್ಕೆ ಬಣ್ಣ ಹಚ್ಚಿದವರು. ಮದುವೆಯ ದಿನ ಬೆಳಿಗ್ಗೆ ಏಳೂವರೆಗೆ ಬನ್ನಿ ಎಂದರು. ಹೋದೆ. ಯಜಮಾನರೂ ಜೊತೆಗೆ ಬಂದರು. ಖಾಲಿ ರಂಗದ ನಡುವೆ ಒಂದು ಕುರ್ಚಿ. ಮಾಸ್ತರು ವಯಸ್ಸು ಕೇಳಲಿಲ್ಲ, ಸಮಸ್ಯೆ ಏನು ಅನ್ನಲಿಲ್ಲ. ಆಗಲೇ ನನಗೆ ಅವರ ಮೇಲೆ ಭಕ್ತಿ ಹುಟ್ಟಿತು. ಅವರು ಕೇಳಿದ್ದು ಒಂದೇ: "ಜನ ಎಷ್ಟು ದೂರದಲ್ಲಿ ಕೂತಿರ್ತಾರೆ?"

ಯಜಮಾನರು ಹೇಳಿದರು, "ಕಚೇರಿ ಹಾಲ್ ಅರವತ್ತು ಅಡಿ ಇದೆ ಮಾಸ್ತರೇ."

"ಹಾಗಾದ್ರೆ ಇಪ್ಪತ್ತು ಅಡಿಗೆ ಮಾಡ್ತೀನಿ."

ಮಾಸ್ತರು ಕೆಲಸ ಮಾಡುವ ರೀತಿ ಹೀಗೆ. ನನ್ನ ಕೆನ್ನೆಗೆ ಒಂದು ಬೆರಳು ಬಣ್ಣ ಮೆತ್ತುವರು. ರಂಗದಿಂದಿಳಿದು ಇಪ್ಪತ್ತು ಅಡಿ ಹಿಂದೆ ಹೋಗಿ, ಹಣೆಗೆ ಕೈ ಅಡ್ಡ ಹಿಡಿದು ನೋಡುವರು. ತಲೆಯಾಡಿಸಿ ಮತ್ತೆ ಬಂದು ಇನ್ನೊಂದು ಬೆರಳು ಮೆತ್ತುವರು. ಎರಡು ಗಂಟೆಯಲ್ಲಿ ಅವರು ಎರಡು ಮೈಲಿ ನಡೆದಿರಬೇಕು. "ನಲವತ್ತು ವರ್ಷದಲ್ಲಿ ಒಬ್ಬ ಪ್ರೇಕ್ಷಕನೂ ಎದ್ದು ಬಂದು ಮೂಗಿಗೆ ಮೂಗಿಟ್ಟು ನೋಡಿಲ್ಲಮ್ಮ. ಹತ್ತಿರದಿಂದ ನೋಡೋದು ಡಾಕ್ಟರ ಕೆಲಸ" ಎಂದರು. ಅವರ ಕನ್ನಡಿಯೂ ಹಾಲಿನ ಆ ಕೊನೆಯ ಗೋಡೆಯ ಮೇಲಿತ್ತು.

ಕೊನೆಗೆ ನನ್ನನ್ನು ಎಬ್ಬಿಸಿ ಆ ಕಡೆ ತಿರುಗಿಸಿದರು. ದೂರದಲ್ಲಿ ಯಾರೋ ರಾಣಿಯಂಥ ಹೆಂಗಸು ನಿಂತಿದ್ದಳು. ನಲವತ್ತು ಇರಬಹುದು. ಹುಬ್ಬು ಬಿಲ್ಲು, ಕೆನ್ನೆ ಹೊಳಪು, ಕಣ್ಣಿನಲ್ಲಿ ಅಧಿಕಾರ.

"ಮಾಸ್ತರೇ, ಯಾರೋ ಬಂದಿದ್ದಾರೆ ನೋಡಿ" ಎಂದೆ.

"ಅದು ನೀವೇ ಕಣಮ್ಮ."

ನಾನು ಕೈ ಎತ್ತಿದೆ. ರಾಣಿಯೂ ಎತ್ತಿದಳು. ಮೂವತ್ತು ವರ್ಷದ ಕಾಜಾ ಎಲ್ಲ ಮರೆತುಹೋಯಿತು.

ಹೊರಡುವಾಗ ಮಾಸ್ತರು ಬಾಗಿಲಿನವರೆಗೆ ಬಂದು ಬೆರಳೆತ್ತಿದರು. "ಇಪ್ಪತ್ತು ಅಡಿ. ಒಂದು ಅಡಿ ಕಡಿಮೆ ಆದ್ರೂ ನಾನು ಜವಾಬ್ದಾರ ಅಲ್ಲ."

ಅದರ ಅರ್ಥ ತಿಳಿದದ್ದು ಬೀದಿಯಲ್ಲಿ ನಿಂತ ಕಾರೊಂದರ ಪಕ್ಕದ ಕನ್ನಡಿಯಲ್ಲಿ. ಬಗ್ಗಿ ನೋಡಿದೆ. ಅಬ್ಬಾ! ಹುಬ್ಬು ಎಂದರೆ ಎರಡು ಕಪ್ಪು ಪಟ್ಟಿ, ಹೆಬ್ಬೆರಳಿನಷ್ಟು ದಪ್ಪ. ಕೆನ್ನೆಗೆ ಎರಡು ಇಟ್ಟಿಗೆ. ಮೂಗಿನ ಮೇಲೆ ಉದ್ದಕ್ಕೆ ಸುಣ್ಣದ ಗೀಟು. ಕಣ್ಣಿನ ಸುತ್ತ ನೀಲಿ. ಯಾರೋ ನನ್ನ ಮುಖಕ್ಕೆ ಬಣ್ಣ ಹೊಡೆಯಲು ಶುರುಮಾಡಿ, ಅರ್ಧಕ್ಕೆ ಊಟಕ್ಕೆ ಹೋದ ಹಾಗಿತ್ತು.

"ರೀ!" ಎಂದು ಚೀರಿದೆ.

ಯಜಮಾನರು ಕನ್ನಡಕ ಸರಿಮಾಡಿಕೊಂಡು ಹತ್ತಿರದಿಂದ ನೋಡಿದರು. ಆಮೇಲೆ ಹಿಂದಕ್ಕೆ ಹಿಂದಕ್ಕೆ ಹೋಗಿ ನೋಡಿದರು. "ಅಲ್ಲಿಂದ ಭಯ ಆಗುತ್ತೆ. ಇಲ್ಲಿಂದ ಬಹಳ ಚೆನ್ನಾಗಿದೀಯ. ನಿನ್ನ ಮದುವೆ ದಿನ ಕೂಡ ಇಷ್ಟು ಚೆನ್ನಾಗಿರಲಿಲ್ಲ."

"ತೊಳ್ಕೊಂಡುಬಿಡ್ಲಾ?"

"ನಾಟಕದ ಬಣ್ಣ ನೀರಿಗೆ ಹೋಗಲ್ಲ. ಈಗಲೇ ಹತ್ತು ಗಂಟೆ. ಇಪ್ಪತ್ತು ಅಡಿ ಅಂದ್ರೆ ನನ್ನ ಹೆಜ್ಜೆಯಲ್ಲಿ ಸರಿಯಾಗಿ ಎಂಟು. ಅಷ್ಟು ಒಳಗೆ ಯಾರನ್ನೂ ಬಿಡಲ್ಲ. ನಾನಿದ್ದೀನಲ್ಲ!"

ಅಳೆಯುವುದು ಬಿಟ್ಟು ಐದು ವರ್ಷವಾಗಿದ್ದ ಮನುಷ್ಯನ ಕಣ್ಣಿನಲ್ಲಿ ಮತ್ತೆ ಬೆಳಕು ಬಂದಿತ್ತು. ನಿಜ ಹೇಳಬೇಕೆಂದರೆ, ಆ ರಾಣಿಯನ್ನು ಬಿಟ್ಟುಕೊಡಲು ನನಗೂ ಮನಸ್ಸಿರಲಿಲ್ಲ.

ಗುರುತಿನ ಚೀಟಿ ತೆಗೆದುಕೊಳ್ಳಲು ಮನೆಗೆ ಬಂದರೆ, ಟೀಚರ್ ತಮ್ಮ ಗೇಟಿನಲ್ಲಿ ಸಿಂಗರಿಸಿಕೊಂಡು ನಿಂತಿದ್ದಾರೆ. ಅವರಿಗೂ ಮದುವೆಯ ಕರೆ ಇತ್ತು. ನಮ್ಮ ಬೀದಿ ಮೂವತ್ತು ಅಡಿ ಅಗಲ.

"ಅಯ್ಯೋ ಸಾರ್, ಯಾರಿದು ನಿಮ್ಮ ಜೊತೆ? ಸಿನಿಮಾದವರಾ?"

ಆ ಮಾತಿಗೆ ನಾನು ಜೀವನವಿಡೀ ಅವರಿಗೆ ಋಣಿ. ಆದರೆ ಅವರು ಬೀದಿ ದಾಟಲು ಹೊರಟರು.

"ಅಲ್ಲೇ ನಿಲ್ಲಿ!" ಯಜಮಾನರು ಕೈ ಅಡ್ಡ ಹಿಡಿದರು. "ಎಂಟು ಹೆಜ್ಜೆ! ಒಳಗೆ ಬಂದ್ರೆ ನಿಮಗೇ ತೊಂದರೆ!"

"ಏನು... ಅಂಟುರೋಗನಾ?"

"ಮುಖಕ್ಕೆ ಸಂಬಂಧಪಟ್ಟಿದ್ದು" ಎಂದರು ಯಜಮಾನರು, ಸುಳ್ಳು ಹೇಳಲು ಬಾರದವರು. ನಾವು ಬೀದಿಯ ತಿರುವು ದಾಟುವಷ್ಟರಲ್ಲಿ ಆರು ಮನೆಯ ಕಿಟಕಿಗಳು ಮುಚ್ಚಿದ್ದವು.

ನೋಂದಣಿ ಕಚೇರಿ ಉದ್ದನೆಯ ಹಾಲು. ಎರಡು ತುದಿಗೆ ಎರಡು ಬಾಗಿಲು, ನಡುವೆ ಟ್ಯೂಬ್‌ಲೈಟಿನ ಕೆಳಗೆ ಅಧಿಕಾರಿಯ ಮೇಜು. ಗೋಡೆಯುದ್ದಕ್ಕೂ ಬೆಂಚುಗಳಲ್ಲಿ ಮದುಮಕ್ಕಳು, ನೆಂಟರು. ಅಧಿಕಾರಿ ನನ್ನ ಓರಗೆಯ ಹೆಂಗಸು, ಸರಪಳಿಗೆ ಕಟ್ಟಿದ ಕನ್ನಡಕ, ನಗುವಿಗೆ ರಜೆ ಕೊಟ್ಟ ಮುಖ. ಪಕ್ಕದಲ್ಲಿ ಮೊಹರು ಹಿಡಿದ ಗುಮಾಸ್ತ.

ನಾವು ಒಳಗೆ ಕಾಲಿಟ್ಟೆವೋ ಇಲ್ಲವೋ, ಹುಡುಗನ ತಾಯಿ ಎರಡೂ ತೋಳು ಚಾಚಿಕೊಂಡು ಬಂದರು. ನಾವು ಇನ್ನೂ ಪರಸ್ಪರ ನೋಡಿರಲಿಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಹಸುಗೂಸುಗಳಿಗೆ ಸ್ನಾನ ಮಾಡಿಸುವ ಆಯಾ ಎಂದು ಗುಬ್ಬಿ ಹೇಳಿದ್ದಳು. ತೋಳು ನೋಡಿದರೇ ತಿಳಿಯುತ್ತಿತ್ತು.

"ಬನ್ನಿ ಬೀಗಿತ್ತಿ, ಬನ್ನಿ ಬನ್ನಿ! ಎಷ್ಟು ದಿನದಿಂದ ಕಾಯ್ತಿದೀನಿ!"

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವರು ಎರಡು ಹೆಜ್ಜೆ ಮುಂದೆ ಬಂದರು. ನಾನು ಬೆಂಚಿನ ಆ ಕಡೆ ಹೋದೆ. ಅವರು ಬೆಂಚನ್ನು ಸುತ್ತಿ ಬಂದರು. ಯಜಮಾನರು ಪಕ್ಕದಲ್ಲಿ ಗಟ್ಟಿಯಾಗಿ ಎಣಿಸುತ್ತಿದ್ದರು: "ಏಳು... ಆರು... ಬೇಗ ಬೇಗ, ಐದೂವರೆ!"

ಬೀಗಿತ್ತಿ ನಿಂತುಬಿಟ್ಟರು. ಚಾಚಿದ ತೋಳು ಸೊಂಟಕ್ಕೆ ಬಂತು. "ಇದೇನ್ರೀ ಇದು? ನಾನು ತಬ್ಬಿಕೊಳ್ಳೋಕೆ ಬಂದ್ರೆ ಇವರು ಓಡ್ತಾರೆ, ನೀವು ಲೆಕ್ಕ ಹಾಕ್ತೀರಾ? ನಾವೇನು ಹುಲಿನಾ?"

"ಹಾಗಲ್ಲ ಬೀಗರೇ! ನಿಮ್ಮ ಒಳ್ಳೇದಕ್ಕೇ! ಅಲ್ಲಿಂದಲೇ ಮಾತಾಡೋಣ!" ಎಂದು ನಾನು ಕಂಬದ ಹಿಂದಿನಿಂದ ಕೂಗಿದೆ. ಒಳ್ಳೆಯ ಮಾತನ್ನು ಕಂಬದ ಹಿಂದಿನಿಂದ ಹೇಳಿದರೆ ಅದು ಒಳ್ಳೆಯದಾಗಿ ಕೇಳಿಸುವುದಿಲ್ಲ ಎಂಬುದು ಅಂದು ಕಲಿತ ಪಾಠ.

ಆಗ ಆ ತುದಿಯ ಬಾಗಿಲಿನಿಂದ ನಾದಿನಿ ಬಂದಳು. ಬಿಸಿಲಿಲ್ಲದ ಹಾಲಿನೊಳಗೆ ಕೊಡೆ ಬಿಚ್ಚಿಕೊಂಡು ಬಂದಳು. ಕೊಡೆ ಸ್ವಲ್ಪ ಎತ್ತಿದಾಗ ಮುಖ ಕಂಡಿತು. ಮೂವತ್ತೆಂಟು ವರ್ಷದವಳ ಹಾಗೆ ಹೊಳೆಯುತ್ತಿದ್ದಾಳೆ! ಅವಳ ಸಲಹೆಗಾರ ಯಾರೋ ಭಯಂಕರ ಪ್ರವೀಣ ಎಂದುಕೊಂಡೆ. ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ನನಗೇ ಕೇಳಿಸಿತು. ಅವಳು ನನ್ನನ್ನು ನೋಡಿ ಥಟ್ಟನೆ ನಿಂತಳು.

"ಇಪ್ಪತ್ತು ಅಡಿ" ಎಂದು ಯಜಮಾನರು ಗೊಣಗಿದರು. "ಕೂದಲಷ್ಟೂ ವ್ಯತ್ಯಾಸ ಇಲ್ಲ. ಆಶ್ಚರ್ಯ."

"ಅತ್ತಿಗೆಯವರೇ!" ನಾದಿನಿಯ ಧ್ವನಿ ಹಾಲಿನ ಗಾಜುಗಳನ್ನು ನಡುಗಿಸಿತು. ಇಬ್ಬರು ಮುದುಕರು ಬಸ್ ಬಂತೆಂದು ಎದ್ದುನಿಂತರು. "ಚೆನ್ನಾಗಿದ್ದೀರಾ?"

"ಚೆನ್ನಾಗಿದೀನಿ! ನೀನು ಅಲ್ಲೇ ಇರು!"

"ನೀವೂ ಅಲ್ಲೇ ಇರಿ! ಮುಂದೆ ಬರಬೇಡಿ!"

ಬೆಂಚುಗಳ ಮೇಲೆ ಗುಸುಗುಸು ಎದ್ದಿತು. "ನೋಡಿದ್ಯಾ, ಹನ್ನೊಂದು ವರ್ಷ ಆದ್ರೂ ಕೆಂಡ ಆರಿಲ್ಲ" ಎಂದು ಯಾರದೋ ಚಿಕ್ಕಪ್ಪ. "ಮದುವೆ ಮನೇಲೂ ಗಡಿ ಹಾಕ್ಕೊಂಡಿದಾರೆ, ಜೊತೆಗೆ ಸರ್ವೆಯವರು ಬೇರೆ" ಎಂದು ಇನ್ನಾರೋ. ಟೀಚರ್ ಆಟೋದಲ್ಲಿ ನಮಗಿಂತ ಮುಂಚೆ ಬಂದು, ಎಲ್ಲವೂ ಚೆನ್ನಾಗಿ ಕಾಣುವ ಜಾಗದಲ್ಲಿ ಕೂತಿದ್ದರು.

"ಸಾಕ್ಷಿಗಳು ಮೇಜಿನ ಹತ್ರ ಬನ್ನಿ!" ಎಂದ ಗುಮಾಸ್ತ.

ನಾನು ಒಂದು ಹೆಜ್ಜೆ ಇಟ್ಟೆ, ನಾದಿನಿ ಒಂದು ಹೆಜ್ಜೆ ಹಿಂದೆ ಹೋದಳು. ಅವಳು ಎಡಕ್ಕೆ ಬಂದಳು, ನಾನು ಬಲಕ್ಕೆ ಸರಿದೆ. ಮೇಜನ್ನು ನಡುವೆ ಇಟ್ಟುಕೊಂಡು ಇಬ್ಬರೂ ಗಡಿಯಾರದ ಎರಡು ಮುಳ್ಳುಗಳ ಹಾಗೆ ಒಂದು ಸುತ್ತು ಹಾಕಿದೆವು. ಗುಮಾಸ್ತ ಕತ್ತು ತಿರುಗಿಸಿ ತಿರುಗಿಸಿ ಸುಸ್ತಾದ.

"ಅವಳು ಮೊದಲು ಸಹಿ ಹಾಕಿ ಹೋಗಲಿ, ಆಮೇಲೆ ನಾನು ಬರ್ತೀನಿ" ಎಂದೆ.

"ಅವರು ದೊಡ್ಡೋರು, ಅವರೇ ಮೊದಲು ಹಾಕ್ಲಿ!" ಎಂದಳು ಕೊಡೆಯೊಳಗಿನಿಂದ.

ಅಧಿಕಾರಿ ಕನ್ನಡಕ ಏರಿಸಿದರು. "ನೋಡಿ, ಕಾನೂನು ಪ್ರಕಾರ ಸಾಕ್ಷಿಗಳು ಇಬ್ಬರೂ ನನ್ನ ಎದುರಿಗೆ ಒಟ್ಟಿಗೆ ನಿಲ್ಲಬೇಕು."

"ಮೇಡಂ, ಇನ್ನೊಂದೆರಡು ಮೇಜು ಜೋಡಿಸಿ ಇಪ್ಪತ್ತು ಅಡಿ ಮಾಡಿದ್ರೆ?" ಎಂದು ಯಜಮಾನರು ಮುಂದೆ ಬಂದರು. "ಎರಡು ತುದೀಲಿ ಇಬ್ಬರು ನಿಲ್ಲಬಹುದು. ನಾನೇ ಅಳೆದು ಕೊಡ್ತೀನಿ."

"ಇದು ಭೂಮಾಪನ ಇಲಾಖೆ ಅಲ್ಲ ರೀ! ನಿಲ್ಲೋದಾದ್ರೆ ನಿಲ್ಲಲಿ, ಇಲ್ದಿದ್ರೆ ಅರ್ಜಿ ವಾಪಸ್. ಇನ್ನು ದಿನಾಂಕ ಸಿಗೋದು ಎರಡು ತಿಂಗಳಿಗೆ."

"ಎರಡು ತಿಂಗಳು ಯಾಕೆ?" ಬೀಗಿತ್ತಿ ಚೀಲ ಹೆಗಲಿಗೇರಿಸಿದರು. "ನಮ್ಮನ್ನ ಮುಟ್ಟಿಸಿಕೊಳ್ಳೋಕೂ ಇಷ್ಟ ಇಲ್ಲದೋರ ಮನೆ ಹೆಣ್ಣು ನಮಗೆ ಬೇಡ. ನಡಿಯೋ ಮಗನೇ!"

ಹುಡುಗ ತಾಯಿಯನ್ನು ನೋಡಿದ, ಗುಬ್ಬಿಯನ್ನು ನೋಡಿದ. ಎರಡು ಅಂತಸ್ತಿನ ನಡುವೆ ಕೆಟ್ಟು ನಿಂತ ಲಿಫ್ಟಿನ ಹಾಗೆ ಮೇಲೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ.

ಗುಬ್ಬಿ ಕೈಯಲ್ಲಿದ್ದ ಪೆನ್ನನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ನೆಲ ನೋಡಿಕೊಂಡೇ ಮಾತಾಡಿದಳು. "ದೊಡ್ಡಮ್ಮನ ಮನೇಲಿ ಅತ್ತೆ ಸುದ್ದಿ ಎತ್ತೋ ಹಾಗಿಲ್ಲ. ಅತ್ತೆ ಮನೇಲಿ ದೊಡ್ಡಮ್ಮನ ಸುದ್ದಿ ಎತ್ತೋ ಹಾಗಿಲ್ಲ. ಹನ್ನೊಂದು ವರ್ಷದಿಂದ ಅರ್ಧ ಮಾತು ಅಲ್ಲಿ, ಅರ್ಧ ಮಾತು ಇಲ್ಲಿ ಆಡ್ಕೊಂಡು ಬಂದಿದೀನಿ. ಇವತ್ತೊಂದು ದಿನ ಪೂರ್ತಿ ಮಾತಾಡೋಣ ಅಂದ್ಕೊಂಡಿದ್ದೆ. ಹೋಗ್ಲಿ ಬಿಡಿ."

ಹೋಗಲಿ ಬಿಡಿ ಎಂದವಳು ಬಾಯಿ ಒತ್ತಿ ಹಿಡಿದಳು. ಮೂರು ವರ್ಷದವಳಿದ್ದಾಗ ಬಿದ್ದು ಮಂಡಿ ತರಚಿದರೆ ಹಾಗೆಯೇ ಹಿಡಿಯುತ್ತಿದ್ದಳು.

ರಾಣಿ ಹಾಳಾಗಿ ಹೋಗಲಿ ಎಂದು ನಾನು ಮೇಜಿನ ಕಡೆ ಹೊರಟೆ.

"ಏಳು" ಎಂದರು ಯಜಮಾನರು. "ಆರು. ಲೇ, ಐದಾಯ್ತು ಕಣೇ. ನಾಲ್ಕು..." ಆಮೇಲೆ ಅವರು ಎಣಿಸಲಿಲ್ಲ.

ಗುಬ್ಬಿಯ ಹೆಗಲಿಗೆ ನಾನು ಕೈ ಹಾಕಿದಾಗ ಅವಳ ಇನ್ನೊಂದು ಹೆಗಲಿನ ಮೇಲೆ ಆಗಲೇ ಒಂದು ಕೈ ಇತ್ತು. ನೆಲದ ಮೇಲೆ ಕೊಡೆ ಬಿದ್ದಿತ್ತು. ನಾನು ತಲೆಯೆತ್ತಿದೆ. ಟ್ಯೂಬ್‌ಲೈಟಿನ ಕೆಳಗೆ, ಒಂದು ಗೇಣು ದೂರದಲ್ಲಿ, ಎರಡು ಕಪ್ಪು ಪಟ್ಟಿ, ಎರಡು ಇಟ್ಟಿಗೆ, ಒಂದು ಸುಣ್ಣದ ಗೀಟು. ಕಾರಿನ ಕನ್ನಡಿಯಲ್ಲಿ ನಾನು ನೋಡಿದ್ದ ನನ್ನದೇ ಮುಖ ನಾದಿನಿಯ ಕತ್ತಿನ ಮೇಲೆ ಕೂತಿತ್ತು!

ಮಾಸ್ತರು ನಲವತ್ತು ವರ್ಷದಲ್ಲಿ ಕಲಿತದ್ದು ಒಂದೇ ರಾಣಿಯ ಮುಖ. ಬಂದವರಿಗೆಲ್ಲ ಅದನ್ನೇ ಕೊಡುತ್ತಿದ್ದರು.

ಗುಬ್ಬಿ ಈ ಕಡೆ ನೋಡಿದಳು, ಆ ಕಡೆ ನೋಡಿದಳು. "ಅಯ್ಯಮ್ಮಾ! ದೊಡ್ಡಮ್ಮ ಯಾರು ನಿಮ್ಮಲ್ಲಿ?"

ಗುಮಾಸ್ತನ ಕೈಯಿಂದ ಮೊಹರು ಬಿತ್ತು. ನಾದಿನಿ ಹುಟ್ಟಿದ ಮೇಲೆ ಮೊದಲ ಸಲ ಪಿಸುಮಾತಿನಲ್ಲಿ ಕೇಳಿದಳು: "ಅತ್ತಿಗೆ... ಮಾಸ್ತರ ಹತ್ರನಾ?"

"ಏಳೂವರೆಗೆ. ನೀನು?"

"ಐದಕ್ಕೆ. ಇಪ್ಪತ್ತು ಅಡಿ ಅಂದ್ರಾ?"

"ಒಂದು ಅಡಿ ಕಡಿಮೆ ಆದ್ರೂ..."

"...ಜವಾಬ್ದಾರ ಅಲ್ಲ ಅಂದ್ರು!"

ನಗು ಮೊದಲು ಅವಳಿಗೆ ಬಂತೋ ನನಗೆ ಬಂತೋ ತಿಳಿಯದು. ಹೊಟ್ಟೆ ಹಿಡಿದುಕೊಂಡು ಮೇಜಿಗೆ ಒರಗಿದೆವು. ಕಣ್ಣೊರೆಸಿಕೊಂಡ ಕೈಗೆ ಸಿಕ್ಕಿ ಕಣ್ಣಿನ ನೀಲಿ ಕೆನ್ನೆಗಿಳಿಯಿತು, ಕೆನ್ನೆಯ ಕೆಂಪು ಗಲ್ಲಕ್ಕಿಳಿಯಿತು. "ನಿಮಗೆ ದೊಡ್ಡ ಸಲಹೆಗಾರರು ಸಿಕ್ಕಿದಾರೆ ಅಂತ ಟೀಚರ್ ಹೇಳಿದ್ರು, ನನಗೆ ಉರಿದುಹೋಯ್ತು ಅತ್ತಿಗೆ" ಎಂದಳು. "ನನಗೆ ನಿನ್ನ ಬಗ್ಗೆ ಅದನ್ನೇ ಹೇಳಿದ್ರಲ್ಲೇ!" ಎಂದೆ. ಇಬ್ಬರೂ ತಿರುಗಿ ನೋಡಿದೆವು. ಟೀಚರ್ ಸೀಲಿಂಗ್ ಫ್ಯಾನಿಗೆ ಎಷ್ಟು ರೆಕ್ಕೆ ಇದೆ ಎಂದು ಲೆಕ್ಕ ಮಾಡುತ್ತಿದ್ದರು.

ಬೀಗಿತ್ತಿ ಹತ್ತಿರ ಬಂದು, ಬಗ್ಗಿ, ನನ್ನ ಮುಖವನ್ನು ಒಂದು ನಿಮಿಷ ಪರೀಕ್ಷೆ ಮಾಡಿದರು. "ಇದಕ್ಕಾ ನೀವು ಓಡಿಹೋಗಿದ್ದು?"

"ಇನ್ನೇನು ಮಾಡ್ಲಿ ಬೀಗರೇ? ಮೊದಲ ಸಲ ನೋಡ್ತಿರೋರು ಹೆದರಿಕೊಂಡುಬಿಟ್ರೆ?"

"ನಾನು ಹೆದರೋದಾ? ಆಗ ತಾನೇ ಹುಟ್ಟಿದ ಮಗು ನೋಡಿದೀರಾ? ಇದಕ್ಕಿಂತ ಕಷ್ಟವಾಗಿರುತ್ತೆ."

"ಎಲ್ಲ ಸರಿ" ಎಂದರು ಅಧಿಕಾರಿ, ಎರಡು ಗುರುತಿನ ಚೀಟಿ ಹಿಡಿದು. "ಆದ್ರೆ ಈ ಫೋಟೋದಲ್ಲಿರೋರು ಎಲ್ಲಿ? ಇವರಿಬ್ಬರೂ ಯಾರೋ ನನಗೆ ಗೊತ್ತಿಲ್ಲ. ನಿಜವಾದ ಮುಖ ತರಿಸಿ. ಅರ್ಧ ಗಂಟೆ ಕೊಡ್ತೀನಿ."

ಕಚೇರಿಯ ಸೋಪಿಗೆ ಬಣ್ಣ ಜಗ್ಗಲಿಲ್ಲ. ಆಗ ಬೀಗಿತ್ತಿ ತಮ್ಮ ಚೀಲದಿಂದ ಮಕ್ಕಳಿಗೆ ಹಚ್ಚುವ ಎಣ್ಣೆಯ ಬಾಟಲಿ ತೆಗೆದರು. ಡ್ಯೂಟಿಯಿಂದ ನೇರವಾಗಿ ಬಂದಿದ್ದರಂತೆ. ರವಿಕೆಯ ತೋಳು ಮಡಚಿ, ಮೊದಲು ನನ್ನ ತಲೆಯನ್ನು ಎಡಗೈಯ ಮೇಲೆ ಮಲಗಿಸಿಕೊಂಡರು. ಎರಡು ಹೆಬ್ಬೆರಳು ಹಣೆಯ ನಡುವಿನಿಂದ ಕಿವಿಯವರೆಗೆ, ಮೂಗಿನಿಂದ ಗಲ್ಲದವರೆಗೆ ಒಂದೇ ಸಮನೆ ಓಡಿದವು. ನನ್ನ ಮುಖವನ್ನು ಯಾರಾದರೂ ಹಾಗೆ ಮುಟ್ಟಿ ಐವತ್ತೈದು ವರ್ಷವಾದರೂ ಆಗಿತ್ತು. ಕಣ್ಣು ತಾನಾಗಿ ಮುಚ್ಚಿತು.

"ಅಳಬಾರದು ಪುಟ್ಟಾ, ಮುಗೀತು ಮುಗೀತು" ಎಂದರು ಬೀಗಿತ್ತಿ, ಅಭ್ಯಾಸಬಲ.

"ನನ್ನ ಕಣ್ಣಿಗೆ ಹೋಗುತ್ತೆ!" ಎಂದು ನಾದಿನಿ ತನ್ನ ಸರದಿಗೆ ಮೈಕ್ ಧ್ವನಿಯಲ್ಲಿ ಕಿರುಚಿದಳು.

"ಎಲ್ಲಾ ಮಕ್ಕಳೂ ಹಾಗೇ ಅಳೋದು. ಕತ್ತು ಎತ್ತು ಕಂದಾ."

ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಇಬ್ಬರನ್ನೂ ಎರಡು ತೋಳಿನಲ್ಲಿ ಹಿಡಿದು ಅವರು ಹಾಲಿಗೆ ಕರೆತಂದಾಗ ಬೆಂಚಿನವರೆಲ್ಲ ಕತ್ತು ಉದ್ದ ಮಾಡಿ ನೋಡಿದರು. ಗೆರೆ ಒಂದೂ ಕಡಿಮೆಯಾಗಿರಲಿಲ್ಲ. ಎಣಿಸಿಕೊಂಡೇ ಹೇಳುತ್ತಿದ್ದೇನೆ. ಆದರೆ ಎರಡು ಮುಖವೂ ಈಗ ತಾನೇ ಭೂಮಿಗೆ ಬಂದ ಹಾಗೆ ಕೆಂಪಗೆ, ಮೆತ್ತಗೆ ಹೊಳೆಯುತ್ತಿದ್ದವು. ಯಜಮಾನರು ಎರಡೂ ಕಡೆಯಿಂದ, ಹತ್ತಿರದಿಂದ, ದೂರದಿಂದ ನೋಡಿದರು. "ಎಲ್ಲಿಂದ ಅಳೆದ್ರೂ ಒಂದೇ ಬರ್ತಿದೆ" ಎಂದರು. ಅವರ ಮಟ್ಟಿಗೆ ಅದು ಕವಿತೆ.

ಅಧಿಕಾರಿ ಚೀಟಿ ನೋಡಿದರು, ನಮ್ಮನ್ನು ನೋಡಿದರು. "ಹಾಂ. ಈಗ ಸಾಕ್ಷಿಗಳು ಬಂದ್ರು."

ನಾದಿನಿಯೂ ನಾನೂ ಭುಜಕ್ಕೆ ಭುಜ ತಾಗಿಸಿ ನಿಂತೆವು. ಅವಳ ಸಹಿಯ ಬಾಲ ನನ್ನ ಸಹಿಯ ತಲೆಯ ಮೇಲೆ ಹತ್ತಿಕೂತಿತು. ಗುಬ್ಬಿ ಅದನ್ನು ನೋಡುತ್ತ ತನ್ನ ಸಹಿ ಹಾಕುವುದನ್ನೇ ಮರೆತಳು. ಹುಡುಗ ಮೊಣಕೈಯಿಂದ ತಿವಿಯಬೇಕಾಯಿತು. ಗುಮಾಸ್ತ ಮೊಹರು ಒತ್ತಿದ. ಮದುವೆ ಆಯಿತು.

"ಪ್ರಮಾಣಪತ್ರ ಒಳಗಿನ ಕೋಣೇಲಿ ಕೊಡ್ತೀನಿ" ಎಂದು ಅಧಿಕಾರಿ ಎದ್ದರು. "ಹುಡುಗನ ತಾಯಿ, ಈ ಇಬ್ಬರು, ಇಷ್ಟೇ ಜನ ಬನ್ನಿ."

ಒಳಗೆ ಹೋದಮೇಲೆ ಬಾಗಿಲು ಹಾಕಿ, ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಎಳೆದು ನೋಡಿದರು. ಪ್ರಮಾಣಪತ್ರ ನನ್ನ ಕೈಗಿತ್ತರು. ಆಮೇಲೆ ಕಿಟಕಿಯ ಕಡೆ ನೋಡುತ್ತ, ಗಂಟಲು ಸರಿಮಾಡಿಕೊಂಡು, ಬೀಗಿತ್ತಿಯನ್ನು ಕೇಳಿದರು.

"ಅಲ್ರೀ... ಬರೋ ಭಾನುವಾರ ನನ್ನ ತಂಗಿ ಮಗನ ಮದುವೆ. ಪೇಟೆ ಅಂಗಡೀಲಿ ವಿಚಾರಿಸಿದೆ. ನನಗೆ ಮೇಣದಬತ್ತಿ ತೋರಿಸಿದ್ರು. ಆ ಬಾಟಲೀಲಿ ಇನ್ನೂ ಎಣ್ಣೆ ಉಳಿದಿದೆಯಾ?"

ಬೀಗಿತ್ತಿ ಆಗಲೇ ತೋಳು ಮಡಚುತ್ತಿದ್ದರು. "ಕನ್ನಡಕ ತೆಗೀರಿ ಮೇಡಂ."

ಹೊರಗೆ ಮುಂದಿನ ಜೋಡಿ ಬಂದು ಕೂತಿತ್ತಂತೆ. ಹುಡುಗಿಯ ತಂದೆ ಗಡಿಯಾರ ನೋಡಿ ಗಲಾಟೆ ಶುರುಮಾಡಿದ್ದರಂತೆ. ಗುಮಾಸ್ತ ಬಾಗಿಲಿನ ಗಾಜಿನಲ್ಲಿ ಒಮ್ಮೆ ಇಣುಕಿ, ತಕ್ಷಣ ಬೆನ್ನು ತಿರುಗಿಸಿ ಅಡ್ಡ ನಿಂತು, "ಕಾಲು ಗಂಟೆ ಕೂತ್ಕೊಳ್ಳಿ, ಮೇಡಂ ಮುಖ್ಯವಾದ ಮೀಟಿಂಗ್‌ನಲ್ಲಿದಾರೆ" ಎಂದನಂತೆ. ಅದೇ ಹೊತ್ತಿಗೆ ಒಳಗಿನಿಂದ ಬೀಗಿತ್ತಿಯ ಮಾತು ಇಡೀ ಹಾಲಿಗೆ ಸ್ಪಷ್ಟವಾಗಿ ಕೇಳಿಸಿತಂತೆ:

"ಅಳಬಾರದು ಪುಟ್ಟಾ, ಮುಗೀತು ಮುಗೀತು."